ಕೊಡಗಿನ ಕಾಫಿಗೆ ಹುಣಸೂರಿನ ಬಿಸಿಲು

ಹುಣಸೂರು ಹೊಗೆಸೊಪ್ಪಿನ ಸೀಮೆ. ಕಾಫಿ ತೋಟ ನೋಡಬೇಕೆಂದರೆ ಇಲ್ಲಿಂದ ಪಡುವಣಕ್ಕೆ ಹೋಗಬೇಕು. ಆದರೂ 19ನೇ ಶತಮಾನ ಮುಗಿಯುವ ಹೊತ್ತಿಗೆ ಕಾಫಿ ವರ್ಕ್ಸ್ ಈ ಊರಿನ ಗುರುತಾಗಿತ್ತು. ಕೊಡಗಿನ ಬೀಜ ಯುರೋಪಿನ ಹಡಗು ಹತ್ತುವ ಮೊದಲು ಇಲ್ಲಿ ಹದಗೊಳ್ಳುತ್ತಿತ್ತು.

ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದ ಕಥೆ ಎಲ್ಲರಿಗೂ ಗೊತ್ತು. ಅದು ರಫ್ತಿನ ಕಥೆಯಲ್ಲ. ಕೊಡಗು 1834ರಲ್ಲಿ ಬ್ರಿಟಿಷರ ಪಾಲಾಯಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ತೋಟ ತೆರೆದ. ಹಿಂದೆಯೇ ಇನ್ನಷ್ಟು ದೊರೆಗಳು ಬಂದರು. ಬೆಳೆಯೇನೋ ಕೈಗೆ ಬಂತು, ಒಣಗಿಸುವುದೆಲ್ಲಿ? ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಹಾಕಿ ತೊಳೆದ ಪಾರ್ಚ್‌ಮೆಂಟಿನಲ್ಲಿ, ಅಂದರೆ ಒಳಹೊಟ್ಟು ಉಳಿದ ಬೀಜದಲ್ಲಿ, ತೇವ ಉಳಿದರೆ ಬಣ್ಣ ಕೆಡುತ್ತದೆ, ಮುಗ್ಗು ಹಿಡಿಯುತ್ತದೆ. ಮಂಜಿನ ಮಡಿಕೇರಿಗಿಂತ ಬಯಲುಸೀಮೆಯ ಬಿಸಿಲೇ ವಾಸಿ. ಜತೆಗೆ ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ದಾರಿ, ತಿತಿಮತಿಯ ಮೇಲೆ ವಿರಾಜಪೇಟೆಗೆ ಹೋಗುವ ದಾರಿ ಎರಡೂ ಕವಲೊಡೆಯುವುದು ಹುಣಸೂರಿನಲ್ಲೇ.

ಕಾಫಿ ವರ್ಕ್ಸ್‌ನಲ್ಲಿ ನಡೆಯುವ ಈ ಹದಗೊಳಿಸುವ ಕೆಲಸವೇ ಕ್ಯೂರಿಂಗ್. ಎಂದರೆ ಒಣಗಿಸಿ, ಸಿಪ್ಪೆ ತೆಗೆದು, ಗಾತ್ರ ನೋಡಿ ಬೇರ್ಪಡಿಸಿ, ಕಪ್ಪು ಬೀಜ, ಒಡಕು ಬೀಜ ಆರಿಸುವುದು. ಈ ಆರಿಸುವ ಕೆಲಸ ಬಹುಕಾಲ ಹೆಂಗಸರ ಕೈಯಲ್ಲೇ ಇತ್ತು.

1942ರ ಕಾಫಿ ಕಾಯ್ದೆ ಬಂದ ಮೇಲೆ ಕ್ಯೂರಿಂಗ್ ವರ್ಕ್ಸ್‌ಗಳು ಕಾಫಿ ಬೋರ್ಡಿನ ಪರವಾಗಿ ಬೆಳೆ ತುಂಬಿಸಿಕೊಳ್ಳತೊಡಗಿದವು. ಬೆಳೆಗಾರ ಫಸಲನ್ನು ಪೂಲ್‌ಗೆ, ಅಂದರೆ ಬೋರ್ಡಿನ ಒಟ್ಟು ಸಂಗ್ರಹಕ್ಕೆ, ಒಪ್ಪಿಸಬೇಕಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಯುದ್ಧಕಾಲದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಉಳಿಸಿದ್ದು ಇದೇ ಪೂಲ್. ಆಮೇಲೆ ಕೊರಳಿಗೆ ಸುತ್ತಿಕೊಂಡದ್ದೂ ಅದೇ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಕುಸಿಯಿತು, 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1992ರಿಂದ ಪೂಲ್‌ನ ಬಿಗಿ ಸಡಿಲಗೊಂಡು, 1996ಕ್ಕೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರಲು ಪೂರ್ತಿ ಸ್ವತಂತ್ರನಾದ.

ಈ ನಡುವೆ, 1989ರಲ್ಲಿ, ಇದೇ ಮೈಸೂರು ಜಿಲ್ಲೆಯ ನಂಜನಗೂಡಿನಲ್ಲಿ ನೆಸ್ಲೆಯ ಇನ್‌ಸ್ಟಂಟ್ ಕಾಫಿ ಕಾರ್ಖಾನೆ ಶುರುವಾಗಿತ್ತು. ಫಿಲ್ಟರ್ ಕಾಫಿಯ ಅಭಿಮಾನಿಗಳು ಮೂಗು ಮುರಿಯಬಹುದು, ಆದರೆ ಭಾರತದ ಕಾಫಿ ರಫ್ತಿನಲ್ಲಿ ಇನ್‌ಸ್ಟಂಟಿನದು ದೊಡ್ಡ ಪಾಲು.

ಇಂದು ದೇಶದ ಕಾಫಿಯ ಸುಮಾರು ಶೇ 70 ಕರ್ನಾಟಕದ್ದು. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ. ಇಟಲಿ ಮೊದಲ ಸಾಲಿನ ಗಿರಾಕಿ. ಈ ಕಾಫಿಯ ಕೊಯ್ಲಿನ ದಿನಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿ, ಹಾಡಿಗಳಿಂದ ಜೇನುಕುರುಬರೂ ಸೇರಿದಂತೆ ಕೂಲಿಯವರು ಕೊಡಗಿನ ತೋಟಗಳಿಗೆ ಹೋಗುತ್ತಾರೆ, ಹಲವರು ಜೀಪಿನಲ್ಲಿ ಒತ್ತಿಕೊಂಡು ಕೂತು. ರಫ್ತಿನ ದರ ಏರಿದಾಗ ಸಂಭ್ರಮಿಸುವ ತೋಟದ ಮಾಲೀಕರು ಇವರಿಗೊಂದು ಭದ್ರವಾದ ವಾಹನವನ್ನಾದರೂ ಗೊತ್ತು ಮಾಡಲಿ.