ಹುಳದ ತವರು ಹೇಳುವ ಜೀನು

ಗೋವಿನಜೋಳದ ಸುಳಿಯಲ್ಲಿ ಹಿಕ್ಕೆ ಕಂಡರೆ ನಮ್ಮ ಕಡೆ ಒಂದೇ ಮಾತು: 'ಹುಳ ಬಿದ್ದೈತಿ.' ಕಾಂಡಕೊರಕವೋ, ಸೈನಿಕ ಹುಳವೋ, ತಂಬಾಕಿನ ಎಲೆ ತಿನ್ನುವ ಹುಳವೋ ಎಂದು ಯಾರೂ ಕೇಳುವುದಿಲ್ಲ. ಅಂಗಡಿಯಾತನೂ ಕೇಳುವುದಿಲ್ಲ, ಬಾಟಲಿ ಕೊಟ್ಟು ದುಡ್ಡು ಎಣಿಸಿಕೊಳ್ಳುತ್ತಾನೆ. 2018ರ ಮುಂಗಾರಿನಲ್ಲಿ ಈ ರೂಢಿ ಕೈಕೊಟ್ಟಿತು. ನನ್ನ ನಾಲ್ಕು ಎಕರೆ ಮಳೆಯಾಶ್ರಿತ ಹೊಲದಲ್ಲಿ ಹತ್ತು ಗಿಡಕ್ಕೆ ಆರು ಜರಡಿಯಾದವು. ಊರಲ್ಲಿ ಎರಡೆರಡು ಸಲ ಎಣ್ಣೆ ಹೊಡೆದವರೂ ಇದ್ದರು. ಕೆಲವರು ತಂಬಾಕಿನ ಹುಳದ ಲೂರ್ ತಂದು ಕಟ್ಟಿದರು. ಈ ಹುಳದ ಪತಂಗ ಅತ್ತ ಸುಳಿಯಲೇ ಇಲ್ಲ. ಲೂರ್ ಎಂದರೆ ಹೆಣ್ಣು ಪತಂಗದ ವಾಸನೆ. ಅವರವರ ಜಾತಿಯ ವಾಸನೆಗೇ ಅವರವರ ಗಂಡು ಬರೋದು.

ಹೆಸರು ಗೊತ್ತಾದದ್ದು ಹೀಗೆ. ಆ ವರ್ಷ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಕಾಲೇಜಿನ ಡಾ. ಶರಣಬಸಪ್ಪ, ಡಾ. ಕಲ್ಲೇಶ್ವರಸ್ವಾಮಿ ಮೊದಲಾದವರು ಅಲ್ಲಿನ ಹೊಲಗಳಲ್ಲಿ ಈ ಹುಳ ಕಂಡರು. ಸಾಕಿ ಪತಂಗ ಮಾಡಿ ಅಂಗಾಂಗ ನೋಡಿದರು, ಜೀನನ್ನೂ ಓದಿಸಿದರು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಎಂದು ಖಚಿತವಾಯಿತು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡದ್ದು ಎರಡೇ ವರ್ಷಕ್ಕೆ ನಮ್ಮ ಸುಳಿಯಲ್ಲಿ ಕೂತಿತ್ತು.

ಬೆಳೆದ ಹುಳವಾದರೆ ನಾವೇ ಗುರುತಿಸಬಹುದು. ಹಣೆ ಮೇಲೆ ತಿರುವಿ ಹಾಕಿದ ಇಂಗ್ಲಿಷ್ 'ವೈ' ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕಿ. ಆದರೆ ಎರಡು ಮೂರು ದಿನದ ಮರಿಯಲ್ಲಿ ಇದು ನಮ್ಮ ಕಣ್ಣಿಗೆ ಹತ್ತುವುದಿಲ್ಲ. ಮೊಟ್ಟೆಯ ಮೇಲಿನ ಕೂದಲ ಹೊದಿಕೆಯೂ ತಂಬಾಕಿನ ಹುಳದ್ದರಂತೆಯೇ. ನುಸಿಗಳದ್ದು ಇನ್ನೂ ಕಷ್ಟ. ಬದನೆ ಎಲೆಯಡಿಯ ಕೆಂಪು ನುಸಿಯ ಜಾತಿ ಹೇಳಲು ಗಂಡನ್ನೇ ಹುಡುಕಿ, ಸೂಕ್ಷ್ಮದರ್ಶಕದಲ್ಲಿ ಅದರ ಜನನಾಂಗದ ಬಾಗು ನೋಡಬೇಕಂತೆ. ಇಂಥಲ್ಲಿ ಜೀನು ಬೇಕಾಗುತ್ತದೆ.

ಏಳನೇ ಇಯತ್ತೆ ಓದಿದ ನಾನು ಒಂದು ತರಬೇತಿಯಲ್ಲಿ ಕೇಳಿ ತಿಳಿದಷ್ಟು ಹೇಳುತ್ತೇನೆ. ಹುಳದ ಮೈಯ ಪ್ರತಿ ಜೀವಕೋಶದಲ್ಲೂ ಮೈಟೊಕಾಂಡ್ರಿಯಾ ಎಂಬ ಸಣ್ಣ ಒಲೆಗಳಿವೆ. ತಿಂದದ್ದನ್ನು ಶಕ್ತಿ ಮಾಡುವುದು ಅವೇ. ಅವಕ್ಕೆ ತಮ್ಮದೇ ಆದ ಪುಟ್ಟ ಡಿಎನ್‌ಎ ಉಂಟು. ಒಂದು ಕೋಶದಲ್ಲೇ ಅದರ ನೂರಾರು ಪ್ರತಿ ಇರುವುದರಿಂದ ಒಣಗಿದ ಹುಳದ ಒಂದು ಕಾಲು ಸಿಕ್ಕರೂ ನಡೆಯುತ್ತದೆ. ಅದನ್ನು ಅರೆದು ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ಸಿಓಐ ಎಂಬ ಜೀನಿನ 658 ಅಕ್ಷರದ ತುಂಡನ್ನಷ್ಟೇ ಒಂದಕ್ಕೆರಡು, ಎರಡಕ್ಕೆ ನಾಲ್ಕು ಎಂದು ಹೆಚ್ಚಿಸುತ್ತಾರೆ. 30 ಸಲ ಇಮ್ಮಡಿಯಾದರೆ ಒಂದು ತುಂಡು ನೂರು ಕೋಟಿ ದಾಟುತ್ತದೆ, ಲೆಕ್ಕ ಹಾಕಿ ನೋಡಿ. ಆಮೇಲೆ ಅಕ್ಷರ ಓದಿ ಕಂಪ್ಯೂಟರ್ ಭಂಡಾರದೊಂದಿಗೆ ತಾಳೆ ನೋಡುವುದು. ಅಕ್ಷರ ನಾಲ್ಕೇ: ಎ, ಟಿ, ಜಿ, ಸಿ. ಒಂದೇ ಜಾತಿಯ ಹುಳಗಳಲ್ಲಿ ಈ ತುಂಡು ಹೆಚ್ಚುಕಮ್ಮಿ ಒಂದೇ ಥರ. ಜಾತಿ ಬೇರೆಯಾದರೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚು ಅಕ್ಷರ ಬದಲಾಗಿರುತ್ತವೆ. ಸಾಬೂನಿನ ಪೊಟ್ಟಣದ ಮೇಲಿನ ಗೆರೆಗಳಂತೆ ಇದನ್ನು ಬಳಸಬಹುದು ಎಂದು 2003ರಲ್ಲಿ ಹೇಳಿದವರು ಕೆನಡಾದ ಪಾಲ್ ಹೆಬರ್ಟ್.

ಆದರೆ ಭಂಡಾರದಲ್ಲಿ ಯಾರೋ ತಪ್ಪು ಹೆಸರು ಬರೆದಿಟ್ಟಿದ್ದರೆ ನಮ್ಮ ಹುಳಕ್ಕೂ ಅದೇ ತಪ್ಪು ಹೆಸರು. ರೆಕ್ಕೆ, ಕಾಲು ನೋಡಿ ಜಾತಿ ಹೇಳುವ ಪಂಡಿತರು ಬೇಕೇ ಬೇಕು.

ನನಗೆ ಬಲು ಸೋಜಿಗ ಎನಿಸಿದ್ದು ಮುಂದಿನ ಸಂಗತಿ. ಈ ಹುಳದಲ್ಲೇ ಎರಡು ಬಳಗ: ಒಂದು ಹೆಚ್ಚಾಗಿ ಭತ್ತ, ಹುಲ್ಲಿನದು, ಇನ್ನೊಂದು ಗೋವಿನಜೋಳದ್ದು. ನಮ್ಮ ದೇಶದ ಹುಳಗಳ ಸಿಓಐ ಓದಿದಾಗ ಹೆಚ್ಚಿನವು ಭತ್ತದ ಬಳಗ ಎಂದು ಬಂತು. ಗದ್ದೆಯವರಿಗೆ ದಿಗಿಲಾಗುವ ಮಾತೇ. ಆದರೆ ಹುಳ ತಿನ್ನುತ್ತಿದ್ದದ್ದು ಗೋವಿನಜೋಳ! ಕೋಶದ ನಡುವಿನ ಬೀಜದೊಳಗಿನ ಟಿಪಿಐ ಎಂಬ ಜೀನು ಓದಿದರೆ ಅದು ಜೋಳದ ಬಳಗ ಎಂದಿತು. ಮೈಟೊಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ, ತಂದೆಯ ಪಾಲಿಲ್ಲ. ಹಿಂದೆಲ್ಲೋ ಭತ್ತದ ಬಳಗದ ಹೆಣ್ಣು ಜೋಳದ ಬಳಗದ ಗಂಡನ್ನು ಕೂಡಿರಬೇಕು. ಸಿಓಐ ತವರಿನ ಹೆಸರು ಹೇಳಿತು, ಸೊಸೆ ಯಾವ ಮನೆಯಲ್ಲಿ ಉಣ್ಣುತ್ತಾಳೆಂದು ಹೇಳಲಿಲ್ಲ. ಬರೀ ಅದನ್ನು ನಂಬಿ ಗದ್ದೆಗೆಲ್ಲ ಎಣ್ಣೆ ಹೊಡೆಸಿದ್ದರೆ ಏನು ಗತಿ?

ಹೊಲದಲ್ಲಿ ಗುರುತು ಸಿಗದ ಹುಳ ಕಂಡರೆ ಒಂದೆರಡನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಜೀನು ಓದಿಸಬೇಕೆಂದಿದ್ದರೆ ಫಾರ್ಮಲಿನ್‌ನಲ್ಲಿ ಹಾಕಬೇಡಿ, ಅದು ಡಿಎನ್‌ಎ ಕೆಡಿಸುತ್ತದೆ. ನೀರು ಬೆರೆಸದ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಯಲ್ಲಿ ಮುಳುಗಿಸಿಡಿ. ಊರು, ಬೆಳೆ, ತಾರೀಖು ಬರೆದ ಚೀಟಿಯನ್ನು ಶೀಶೆಯೊಳಗೇ ಹಾಕಿ. ಬರೆಯುವುದು ಪೆನ್ಸಿಲ್‌ನಲ್ಲಿರಲಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ.