ನಿಮಗಿದು ಗೊತ್ತೇ? ಹೊಟ್ಟೆಯೊಳಗೇ ನಡೆಯುವ ಡಯಾಲಿಸಿಸ್

ಶೇಡಬಾಳದಲ್ಲಿ ಯಾರಿಗಾದರೂ ಕಿಡ್ನಿ ಕೈಕೊಟ್ಟರೆ ಮನೆಯವರು ಮೊದಲು ನೋಡುವುದು ಮಿರಜದ ಆಸ್ಪತ್ರೆಗಳ ಕಡೆಗೆ. ಬೆಳಗಾವಿ ನೂರು ಕಿಲೋಮೀಟರಿಗೂ ಆಚೆ. ವಾರಕ್ಕೆ ಮೂರು ಸಲ ಯಂತ್ರದ ಡಯಾಲಿಸಿಸ್ ಎಂದರೆ ವರ್ಷಕ್ಕೆ 156 ಸಲ ಹೋಗಿಬರಬೇಕು. ಜೊತೆಗೆ ಹೋಗುವವರ ಅಷ್ಟು ದಿನದ ದುಡಿಮೆಯೂ ಹೋಯಿತು. ಮನೆಯಲ್ಲೇ ಮಾಡಿಕೊಳ್ಳುವ ಇನ್ನೊಂದು ಡಯಾಲಿಸಿಸ್ ಇದೆ, ಅದರ ಮೇಲೆ ದಶಕಗಳ ಸಂಶೋಧನೆಯೂ ನಡೆದಿದೆ ಎಂಬ ಮಾತು ಕಾಗವಾಡ, ಅಥಣಿ, ರಾಯಬಾಗದ ಮನೆಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ಅದಕ್ಕೇ ಈ ಸಲ ಪೆರಿಟೋನಿಯಲ್ ಡಯಾಲಿಸಿಸ್, ಅಂದರೆ ಪಿ.ಡಿ.

● ಕರುಳು, ಜಠರಗಳನ್ನು ಹೊದ್ದಿರುವ ತೆಳುವಾದ ಪೊರೆಗೆ ಪೆರಿಟೋನಿಯಂ ಎಂದು ಹೆಸರು. ಬಿಡಿಸಿ ಹಾಸಿದರೆ ಅದು ಹೆಚ್ಚುಕಡಿಮೆ ನಮ್ಮ ಮೈಚರ್ಮದಷ್ಟೇ ಅಗಲ. ಪಿ.ಡಿ.ಯಲ್ಲಿ ರಕ್ತ ಸೋಸುವುದು ಈ ಪೊರೆಯೇ. ಹೊಟ್ಟೆಗೆ ಕೂರಿಸಿದ ಮೆತ್ತನೆಯ ಕೊಳವೆಯಿಂದ ಸುಮಾರು ಎರಡು ಲೀಟರ್ ಗ್ಲುಕೋಸ್ ದ್ರವ ಬಿಡುತ್ತಾರೆ. ನಾಲ್ಕಾರು ಗಂಟೆಯಲ್ಲಿ ಯೂರಿಯಾ, ಕ್ರಿಯಾಟಿನಿನ್ ಅದರೊಳಗೆ ಇಳಿಯುತ್ತವೆ, ಗ್ಲುಕೋಸು ಮೈಯ ಹೆಚ್ಚಿನ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಹಳೆಯದನ್ನು ಹರಿಸಿ ಹೊಸದನ್ನು ತುಂಬಿಕೊಳ್ಳುವುದು. ದಿನಕ್ಕೆ ಮೂರೋ ನಾಲ್ಕೋ ಸಲ, ಸಲಕ್ಕೆ ಅರ್ಧ ಗಂಟೆ. ತುಂಬುವ ಚೀಲ ಮೇಲೆ ಮೊಳೆಗೆ, ಖಾಲಿ ಚೀಲ ಕೆಳಗೆ ನೆಲಕ್ಕೆ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

● ಮನುಷ್ಯರ ಮೇಲೆ ಇದನ್ನು ಮೊದಲು ಪ್ರಯತ್ನಿಸಿದ್ದು 1923ರಲ್ಲಿ, ಜರ್ಮನಿಯ ಗ್ಯಾಂಟರ್. ಇಂದಿಗೂ ಬಳಕೆಯಲ್ಲಿರುವ ಕೊಳವೆಯ ಮಾದರಿ 1968ರದು, ಟೆಂಕಾಫ್ ಎಂಬ ವೈದ್ಯರದು.

● ಇಡೀ ದಿನ ಹೊಟ್ಟೆಯಲ್ಲಿ ದ್ರವ ಇಟ್ಟುಕೊಂಡೇ ಓಡಾಡಬಹುದು ಎಂದು ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಎಂಜಿನಿಯರ್ ಪೊಪೊವಿಚ್ ಮತ್ತು ವೈದ್ಯ ಮಾಂಕ್ರೀಫ್. 1976ರಲ್ಲಿ ಅವರು ಸಮ್ಮೇಳನಕ್ಕೆ ಕಳಿಸಿದ ಪ್ರಬಂಧದ ಸಾರಾಂಶ ತಿರಸ್ಕೃತವಾಗಿತ್ತು! ಆಗ ದ್ರವ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು, ಸೋಂಕು ಬೆನ್ನು ಬಿಡುತ್ತಿರಲಿಲ್ಲ. ಮರುವರ್ಷವೇ ಟೊರಾಂಟೊದ ಒರಿಯೋಪೊಲಸ್ ಪ್ಲಾಸ್ಟಿಕ್ ಚೀಲ ತಂದರು. 1980ರ ದಶಕದಲ್ಲಿ ಇಟಲಿಯ ವೈದ್ಯರು ವೈ ಆಕಾರದ ಕೊಳವೆಯಿಂದ ‘ಮೊದಲು ತೊಳೆ, ಆಮೇಲೆ ತುಂಬು’ ಎಂಬ ಕ್ರಮ ತಂದ ಮೇಲೆ ಸೋಂಕು ನಿಜವಾಗಿ ಹಿಡಿತಕ್ಕೆ ಬಂತು.

● ಯಂತ್ರದ್ದು ಒಳ್ಳೆಯದೋ, ಹೊಟ್ಟೆಯದೋ? ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡೋಣ ಎಂದು ಹಾಲೆಂಡಿನ ಸಂಶೋಧಕರು ಹೊರಟರು. ಕೇಳಿದ್ದು 773 ಜನರನ್ನು, ಒಪ್ಪಿದ್ದು ಬರೀ 38 ಮಂದಿ! 2003ರಲ್ಲಿ ಪ್ರಕಟವಾದ ಆ ಅಧ್ಯಯನದ ಅಂಕಿಗಳಿಗಿಂತ ಈ ನಿರಾಕರಣೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಬದುಕು ಹೇಗೆ ಸಾಗಬೇಕೆಂಬುದನ್ನು ಚೀಟಿಗೆ ಬಿಡಲು ರೋಗಿಗಳು ಸಿದ್ಧರಿರಲಿಲ್ಲ. ದೊಡ್ಡ ದೊಡ್ಡ ದಾಖಲೆಗಳನ್ನು ಜಾಲಾಡಿದ ಮುಂದಿನ ಅಧ್ಯಯನಗಳಲ್ಲಿ ಎರಡೂ ಬಗೆಯವರ ಆಯುಷ್ಯ ಹೆಚ್ಚುಕಡಿಮೆ ಸಮವೆಂದೇ ಕಂಡಿದೆ.

● ದ್ರವ ಹೆಚ್ಚು ಬಿಟ್ಟಷ್ಟೂ ಆಯುಷ್ಯ ಹೆಚ್ಚೇ? ಅಲ್ಲ. ಮೆಕ್ಸಿಕೋದಲ್ಲಿ 965 ರೋಗಿಗಳ ಮೇಲೆ ನಡೆದ ಅಡೆಮೆಕ್ಸ್ ಅಧ್ಯಯನ (2002) ಇದನ್ನೇ ಪರೀಕ್ಷಿಸಿತು. ಮಾಮೂಲಿ ಪ್ರಮಾಣ ಪಡೆದವರಲ್ಲಿ ಎರಡು ವರ್ಷ ಬದುಕಿದವರು ಶೇ 68, ಹೆಚ್ಚು ಪಡೆದವರಲ್ಲಿ ಶೇ 69. ಹಾಗಾದರೆ ಕಾಯುವುದು ಯಾವುದು? ಕೆನಡಾ ಮತ್ತು ಅಮೆರಿಕದ 680 ರೋಗಿಗಳ ಅಧ್ಯಯನವೊಂದರ ಅಂಕಿಗಳನ್ನು 2001ರಲ್ಲಿ ಮತ್ತೆ ಶೋಧಿಸಿದಾಗ ಉತ್ತರ ಸಿಕ್ಕಿತು: ರೋಗಿಯ ಸ್ವಂತ ಕಿಡ್ನಿಯಲ್ಲಿ ಉಳಿದ ಅಷ್ಟಿಷ್ಟು ಶಕ್ತಿ. ದಿನದ ಮೂತ್ರ ಪ್ರತಿ 250 ಮಿ.ಲೀ. ಹೆಚ್ಚಿದ್ದಕ್ಕೂ ಸಾವಿನ ಅಪಾಯ ಶೇ 36ರಷ್ಟು ಕಡಿಮೆ ಇತ್ತು. ಆದ್ದರಿಂದ, ಡಯಾಲಿಸಿಸ್ ಶುರುವಾಯಿತಲ್ಲ ಎಂದು ಮಂಡಿನೋವಿಗೆ ಅಂಗಡಿಯ ನೋವಿನ ಗುಳಿಗೆ ನುಂಗಬೇಡಿ. ಉಳಿದ ಕಿಡ್ನಿಯನ್ನೂ ಅದು ತಿನ್ನಬಲ್ಲದು.

● ಯಂತ್ರದ ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ 500 ಮಿ.ಲೀ. ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್, ಅದೂ ಬಹಳ ಶುದ್ಧ ನೀರಿನಿಂದ ಮಾಡಿದ್ದು. ಪಿ.ಡಿ.ಗೆ ದಿನಕ್ಕೆ ಆರರಿಂದ ಎಂಟು ಲೀಟರ್ ಸಾಕು, ಅದು ಚೀಲದಲ್ಲೇ ಸಿದ್ಧವಾಗಿ ಬರುತ್ತದೆ.

● ಕೃಷ್ಣೆ ಉಕ್ಕಿದಾಗ ಕುಡಚಿ–ಉಗಾರ ಸೇತುವೆ ಮುಳುಗುವುದು ನಮಗೆ ಹೊಸದಲ್ಲ. 2005, 2019ರ ಮಹಾಪೂರ ಕಂಡವರಿಗೆ ದಾರಿ ಕಟ್ಟಾದರೆ ಏನೆಂದು ಗೊತ್ತು. ಯಂತ್ರವನ್ನೇ ನೆಚ್ಚಿದವರಿಗೆ ಕೆಲವು ದಿನದ ತಡೆಯೂ ಪ್ರಾಣಕ್ಕೆ ಎರವಾಗಬಹುದು. ಪಿ.ಡಿ.ಯವರು ಮಳೆಗಾಲಕ್ಕೆ ಮೊದಲೇ ಚೀಲಗಳ ದಾಸ್ತಾನು ಮಾಡಿಕೊಳ್ಳಬೇಕು, ನೀರು ನುಗ್ಗದ ಎತ್ತರದಲ್ಲಿಡಬೇಕು.

● ಹರಿದುಹೋಗುವ ದ್ರವದ ಜೊತೆ ದಿನಕ್ಕೆ 5ರಿಂದ 15 ಗ್ರಾಂ ಪ್ರೋಟೀನ್ ಕೂಡ ಹೋಗುತ್ತದೆ. ಶುರುವಿನಲ್ಲೇ ಪೌಷ್ಟಿಕತೆ ಕಡಿಮೆ ಇದ್ದ ರೋಗಿಗಳಿಗೆ ಹೊಟ್ಟೆಯ ಸೋಂಕು ಹೆಚ್ಚು ಎಂದು ಲಖನೌದ ಎಸ್‌ಜಿಪಿಜಿಐ ಆಸ್ಪತ್ರೆಯ ವೈದ್ಯರು 2007ರಲ್ಲಿ ವರದಿ ಮಾಡಿದರು. ಮೊಟ್ಟೆ, ಮಾಂಸ ಮುಟ್ಟದ ಜೈನ ಮನೆತನಗಳು ಬಹಳ ಇರುವ ಶೇಡಬಾಳದಂಥ ಊರಿಗೆ ಇದು ಮುಖ್ಯ ಮಾತು. ಬೇಳೆ, ಹಾಲು, ಪನೀರ್ ಎಷ್ಟೆಷ್ಟು ಎಂದು ಆಹಾರತಜ್ಞರ ಬಳಿ ಬರೆಸಿಕೊಳ್ಳಿ. ಉಪವಾಸ ಹಿಡಿಯುವ ಮುನ್ನ ವೈದ್ಯರಿಗೆ ತಿಳಿಸಿ.

● ಹಳ್ಳಿಯ ರೋಗಿಗಳಿಗೆ ಇದು ಆಗದು ಎನ್ನುವವರು ಹೈದರಾಬಾದಿನ ಡಾ. ಕೆ.ಎಸ್. ನಾಯಕ್ ಅವರ ತಂಡದ ಅನುಭವ ಓದಬೇಕು. ದೂರದ ಊರುಗಳ ಪಿ.ಡಿ. ರೋಗಿಗಳನ್ನು ಅವರು ಮೊಬೈಲ್ ಸಂದೇಶ, ಫೋಟೋಗಳ ಮೂಲಕ ನೋಡಿಕೊಂಡರು.

● ಹಾಂಗ್‌ಕಾಂಗ್ 1985ರಿಂದಲೇ ‘ಮೊದಲು ಪಿ.ಡಿ.’ ಎಂಬ ನೀತಿ ಹಿಡಿದಿದೆ. ಇಡೀ ದಿನ ಹೊಟ್ಟೆಯಲ್ಲಿ ದ್ರವ ಇಟ್ಟುಕೊಳ್ಳುವ ಪಿ.ಡಿ. ಭಾರತಕ್ಕೆ ಬಂದದ್ದು 1991ರಲ್ಲಿ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಘೋಷಣೆಯಾಯಿತು, ಪಿ.ಡಿ.ಗೆ ಅದರ ಮಾರ್ಗಸೂಚಿ ಬಂದದ್ದು 2019ರಲ್ಲಿ. ತಡವಾಯಿತು, ಬಹಳ ತಡವಾಯಿತು.

● ಎಲ್ಲರಿಗೂ ಇದು ಒಗ್ಗುವುದಿಲ್ಲ. ಹೊಟ್ಟೆಯ ಆಪರೇಷನ್ ಹಲವು ಸಲ ಆದವರಿಗೆ, ದೊಡ್ಡ ಹರ್ನಿಯಾ ಇರುವವರಿಗೆ ಕಷ್ಟ. ವರ್ಷಗಳು ಕಳೆದಂತೆ ಪೊರೆಯೂ ಸೋಲಬಹುದು. ಚೀಲ ಬದಲಿಸುವಾಗ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿ, ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು ಒಣಗಿಸಲೇಬೇಕು. ಒಂದು ದಿನವೂ ಇದರಲ್ಲಿ ರಿಯಾಯಿತಿ ಇಲ್ಲ.

● ಸೋಂಕು ಹಿಡಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಹೊರಬಂದ ದ್ರವದ ಚೀಲವನ್ನು ದಿನಪತ್ರಿಕೆಯ ಮೇಲಿಡಿ. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಸರಿ. ಮಬ್ಬಾಗಿದ್ದರೆ, ಹೊಟ್ಟೆನೋವು ಇರಲಿ ಬಿಡಲಿ, ಅಂದೇ ಆಸ್ಪತ್ರೆಗೆ ಹೊರಡಿ. ಆ ಚೀಲವನ್ನು ಚೆಲ್ಲಬೇಡಿ, ಜೊತೆಗೇ ಒಯ್ಯಿರಿ. ಯಾವ ಔಷಧಿ ಕೊಡಬೇಕೆಂದು ವೈದ್ಯರು ತೀರ್ಮಾನಿಸುವುದು ಅದರ ಪರೀಕ್ಷೆಯಿಂದಲೇ.