ಕಾಯಿಪಲ್ಯೆಯ ಗುಳಿಗೆ: ಕೊಟ್ಟ ಹಣಕ್ಕೆ ಸಿಗುವುದೆಷ್ಟು?

ಹಣ್ಣು, ಸೊಪ್ಪು, ಕಾಯಿಗಳನ್ನು ಒಣಗಿಸಿ ಪುಡಿ ಮಾಡಿ, ಇಲ್ಲವೇ ಅವುಗಳ ಸಾರ ತೆಗೆದು, ಕ್ಯಾಪ್ಸೂಲ್, ಗುಳಿಗೆ, ನೀರಿಗೆ ಕಲಸುವ ಪುಡಿ ಅಥವಾ ಜಗಿಯುವ ಮಿಠಾಯಿಯ ರೂಪದಲ್ಲಿ ಮಾರುವ ಪದಾರ್ಥಗಳಿಗೆ ಹಣ್ಣು–ತರಕಾರಿ ಪೂರಕಗಳೆಂದು ಹೆಸರು. ಇವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಇಡೀ ಕಾಯಿ ಅಥವಾ ಸೊಪ್ಪಿನ ಒಣಪುಡಿ. ನುಗ್ಗೆಸೊಪ್ಪು, ನೆಲ್ಲಿಕಾಯಿ, ಬೀಟ್‌ರೂಟ್, ಪಾಲಕ್ ಪುಡಿಗಳು ಈ ಬಗೆಯವು. ಎರಡನೆಯದು ಒಂದೇ ಘಟಕದ ಸಾರ. ಅರಿಸಿನದ ಕುರ್ಕ್ಯುಮಿನ್, ಟೊಮೆಟೊದ ಲೈಕೊಪೀನ್ ಇದಕ್ಕೆ ಉದಾಹರಣೆ. ಮೂರನೆಯದು ಸ್ವಲ್ಪ ಪುಡಿಗೆ ಕಾರ್ಖಾನೆಯಲ್ಲಿ ತಯಾರಾದ ವಿಟಮಿನ್ ಬೆರೆಸಿದ್ದು. ಮೂರರ ಡಬ್ಬಿಯ ಮೇಲೂ ಅದೇ ತಾಜಾ ಹಣ್ಣುಗಳ ಚಿತ್ರವಿರುತ್ತದೆ. ಒಳಗಿರುವುದು ಬೇರೆ ಬೇರೆಯಾದ್ದರಿಂದ ಲಾಭ–ಅಪಾಯಗಳೂ ಬೇರೆ.

ಔಷಧದ ಅಂಗಡಿ, ಮೊಬೈಲ್ ಜಾಹೀರಾತು, ಪರಿಚಯದವರ ಮೂಲಕ ನಡೆಯುವ ಸರಪಳಿ ಮಾರಾಟ, ಹೀಗೆ ನಾನಾ ದಾರಿಯಿಂದ ಈ ಡಬ್ಬಿಗಳು ಹಳ್ಳಿಗಳನ್ನೂ ತಲುಪಿವೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ, ಇವಕ್ಕೆ ಕೊಟ್ಟ ಹಣಕ್ಕೆ ಸಿಗುವುದೆಷ್ಟು ಎಂಬ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಕಬ್ಬು, ಅರಿಸಿನ, ದ್ರಾಕ್ಷಿ, ತಂಬಾಕು ಇಲ್ಲಿನ ದುಡ್ಡಿನ ಬೆಳೆಗಳು. ಹೊಲವೆಲ್ಲ ಕಬ್ಬಾದ, ಅಲಖನೂರದಂಥ ಇಲ್ಲಿನ ಊರುಗಳಲ್ಲಿ ಅಡುಗೆಮನೆಯ ಕಾಯಿಪಲ್ಯೆ ಬಹುಮಟ್ಟಿಗೆ ಸಂತೆಯಿಂದಲೇ ಬರಬೇಕಾಗುತ್ತದೆ. ಸಂತೆಯ ಚೀಲಕ್ಕೆ ಹಾಕುವ ಹಣವನ್ನು ಡಬ್ಬಿಗೆ ಹಾಕಬಹುದೇ ಎಂಬುದನ್ನು ಲೆಕ್ಕ ಮಾಡಿಯೇ ತೀರ್ಮಾನಿಸಬೇಕು.

ತೂಕದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯಂತೆ, ದಿನಕ್ಕೆ 2000 ಕಿಲೊಕ್ಯಾಲೊರಿ ಬೇಕಾದ ವಯಸ್ಕರಿಗೆ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹಣ್ಣು ತರಕಾರಿ ಎರಡೂ ಸೇರಿ ಕನಿಷ್ಠ 400 ಗ್ರಾಂ ಎನ್ನುತ್ತದೆ. ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳು ಈ ಲೆಕ್ಕಕ್ಕೆ ಬರುವುದಿಲ್ಲ.

ತಾಜಾ ತರಕಾರಿಯಲ್ಲಿ ಸುಮಾರು ಶೇ. 90 ಭಾಗ ನೀರು. ನೀರನ್ನೆಲ್ಲ ತೆಗೆದರೂ 400 ಗ್ರಾಂ ತರಕಾರಿಯಿಂದ 40 ಗ್ರಾಂ ಒಣಪದಾರ್ಥ ಉಳಿಯುತ್ತದೆ. ಸಾಮಾನ್ಯ ಅಳತೆಯ ಒಂದು ಕ್ಯಾಪ್ಸೂಲಿನಲ್ಲಿ ಹಿಡಿಸುವುದು ಅರ್ಧ ಗ್ರಾಂ ಪುಡಿ. ಅಂದಮೇಲೆ ಒಂದು ದಿನದ ತರಕಾರಿಗೆ ಸಮನಾಗಲು 80 ಕ್ಯಾಪ್ಸೂಲ್ ನುಂಗಬೇಕು. ಡಬ್ಬಿಯ ಮೇಲೆ ಬರೆದಿರುವ ಪ್ರಮಾಣ ದಿನಕ್ಕೆ ಎರಡೋ ನಾಲ್ಕೋ. ಎರಡು ಕ್ಯಾಪ್ಸೂಲಿನ ಒಂದು ಗ್ರಾಂ ಪುಡಿ ಹತ್ತು ಗ್ರಾಂ ತಾಜಾ ತರಕಾರಿಗೆ ಸಮ. ಅದು ಸವತಿಕಾಯಿಯ ಒಂದೆರಡು ಹೋಳಿನಷ್ಟು ತೂಕ. ಇಪ್ಪತ್ತು–ಮೂವತ್ತು ಹಣ್ಣು ತರಕಾರಿಗಳ ಹೆಸರು ಡಬ್ಬಿಯ ಮೇಲಿದ್ದರೆ, ಆ ಒಂದು ಗ್ರಾಮಿನಲ್ಲಿ ಒಂದೊಂದರ ಪಾಲು ಚಿಟಿಕೆಗಿಂತಲೂ ಕಡಿಮೆ.

ಬೆಲೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. 60 ಕ್ಯಾಪ್ಸೂಲಿನ ಡಬ್ಬಿಗೆ 600 ರೂಪಾಯಿ ಎಂದಿಟ್ಟುಕೊಂಡರೆ ಒಳಗಿರುವುದು 30 ಗ್ರಾಂ ಪುಡಿ, ಅಂದರೆ 300 ಗ್ರಾಂ ತರಕಾರಿ. ಆ ತರಕಾರಿಗೆ ಕಿಲೊಗೆ 2000 ರೂಪಾಯಿ ಕೊಟ್ಟಂತಾಯಿತು. ಯಾವುದೇ ಡಬ್ಬಿಯ ಬೆಲೆ ಮತ್ತು ಪುಡಿಯ ತೂಕ ಗೊತ್ತಿದ್ದರೆ ಈ ಲೆಕ್ಕವನ್ನು ಅಂಗಡಿಯ ಮುಂದೆ ನಿಂತೇ ಮಾಡಬಹುದು.

ನಾರಿನ ವಿಷಯದಲ್ಲಂತೂ ಪೂರಕ ಹತ್ತಿರಕ್ಕೂ ಬರುವುದಿಲ್ಲ. ವಯಸ್ಕರಿಗೆ ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ನೂರು ಗ್ರಾಂ ಪೇರಲ ಹಣ್ಣಿನಲ್ಲಿ 5 ಗ್ರಾಮಿಗಿಂತ ಹೆಚ್ಚು ನಾರಿದೆ. ಒಂದು ಗ್ರಾಂ ತೂಗುವ ಎರಡು ಕ್ಯಾಪ್ಸೂಲ್ ಇಡಿಯಾಗಿ ನಾರೇ ಆಗಿದ್ದರೂ ಅದು ಪೇರಲದ ನಾರಿನ ಐದರಲ್ಲಿ ಒಂದು ಪಾಲೂ ಆಗುವುದಿಲ್ಲ. ಮಲಬದ್ಧತೆ ನೀಗುವುದು, ಊಟದ ನಂತರ ರಕ್ತದ ಸಕ್ಕರೆ ನಿಧಾನವಾಗಿ ಏರುವುದು, ಹೊಟ್ಟೆ ತುಂಬಿದ ತೃಪ್ತಿ ಸಿಗುವುದು, ಕರುಳಿನ ಸೂಕ್ಷ್ಮಜೀವಿಗಳಿಗೆ ಆಹಾರ ದೊರೆಯುವುದು, ಇವೆಲ್ಲ ನಾರು ಸಾಕಷ್ಟು ಪ್ರಮಾಣದಲ್ಲಿ ಹೊಟ್ಟೆ ಸೇರಿದಾಗ ಆಗುವ ಕೆಲಸಗಳು.

ಒಣಗಿದಾಗ ಉಳಿಯುವುದು, ಅಳಿಯುವುದು

ಅಥಣಿ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಒಣಗಿಸುವಿಕೆಯ ವಿಜ್ಞಾನ ಹೊಸದಲ್ಲ. ಕಿತ್ತ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದಾಗ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲಾಗುತ್ತದೆ. ಆಮೇಲೆ ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದರೆ ಗಾಳಿಗೆ ನೀರು ಆರುತ್ತದೆ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಯಿಂದ ಒಂದು ಕಿಲೊ ಒಣದ್ರಾಕ್ಷಿ ಸಿಗುತ್ತದೆ. ಸಕ್ಕರೆ, ನಾರು, ಪೊಟ್ಯಾಸಿಯಂ, ಕಬ್ಬಿಣ ಉಳಿದುಕೊಂಡು ದಟ್ಟವಾಗುತ್ತವೆ. ಶಾಖಕ್ಕೂ ಗಾಳಿಗೂ ತಾಳದ ವಿಟಮಿನ್ ‘ಸಿ’ ಬಹುಪಾಲು ನಾಶವಾಗುತ್ತದೆ.

ತರಕಾರಿ ಪುಡಿಯಲ್ಲಿ ಆಗುವುದೂ ಇದೇ. ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುವ ದುಬಾರಿ ವಿಧಾನದಲ್ಲಿ ನಷ್ಟ ಕಡಿಮೆ. ಬಿಸಿಗಾಳಿಯಲ್ಲಿ ಒಣಗಿಸಿದರೆ ಹೆಚ್ಚು. ಬೆಳಕು, ತೇವ ತಗುಲಿದ ಡಬ್ಬಿಯಲ್ಲಿ ಕ್ಯಾರೊಟಿನ್ ಕೂಡ ತಿಂಗಳುಗಳು ಕಳೆದಂತೆ ಕುಂದುತ್ತದೆ. ಇನ್ನೊಂದು ಕಡೆ, ನೀರಿನೊಂದಿಗೆ ಆರಿಹೋಗದ ಯಾವುದೇ ವಸ್ತು ಪುಡಿಯಲ್ಲಿ ಸಾಂದ್ರವಾಗುತ್ತದೆ. ಹತ್ತು ಕಿಲೊ ಸೊಪ್ಪು ಒಂದು ಕಿಲೊ ಪುಡಿಯಾದರೆ ಅದರಲ್ಲಿದ್ದ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್, ಮಣ್ಣಿನಿಂದ ಬಂದ ಸೀಸ, ತೊಳೆಯದೆ ಉಳಿದ ಕೀಟನಾಶಕದ ಅಂಶ ಎಲ್ಲವೂ ಆ ಒಂದು ಕಿಲೊದಲ್ಲೇ ಇರುತ್ತವೆ. ಆದ್ದರಿಂದ ಪ್ರಯೋಗಾಲಯದ ಪರೀಕ್ಷೆಯಿಲ್ಲದ ಪುಡಿಯನ್ನು ಶುದ್ಧವೆಂದು ನಂಬಲು ಆಧಾರವಿಲ್ಲ.

ಸಾರದ ಗುಳಿಗೆ ಮತ್ತು ಬೀಡಿ ಸೇದುವವರು

ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಹಲವು ಸಮೀಕ್ಷೆಗಳು ತೋರಿಸಿದ್ದವು. ಗಜ್ಜರಿ, ಹಸಿರು ಸೊಪ್ಪುಗಳಲ್ಲಿರುವ ಬೀಟಾ–ಕ್ಯಾರೊಟಿನ್ ಇದಕ್ಕೆ ಕಾರಣವಿರಬಹುದೆಂಬ ಊಹೆ 1980ರ ದಶಕದಲ್ಲಿ ಬಲವಾಯಿತು. ಅದನ್ನು ಪರೀಕ್ಷಿಸಲು ಫಿನ್ಲೆಂಡಿನಲ್ಲಿ 50ರಿಂದ 69 ವಯಸ್ಸಿನ, ಧೂಮಪಾನ ಮಾಡುವ 29,133 ಗಂಡಸರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ನಡೆಯಿತು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ–ಕ್ಯಾರೊಟಿನ್, ಉಳಿದವರಿಗೆ ಅದಿಲ್ಲದ ಗುಳಿಗೆ. 1994ರಲ್ಲಿ ಬಂದ ಫಲಿತಾಂಶ ಊಹೆಗೆ ತದ್ವಿರುದ್ಧ: ಬೀಟಾ–ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಧೂಮಪಾನಿಗಳು, ಹಿಂದೆ ಸೇದಿ ಬಿಟ್ಟವರು ಹಾಗೂ ಕಲ್ನಾರಿನ ಕೆಲಸಗಾರರು ಸೇರಿ 18,314 ಜನರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಇನ್ನೊಂದು ಪ್ರಯೋಗದಲ್ಲಿ ಬೀಟಾ–ಕ್ಯಾರೊಟಿನ್ ಜೊತೆ ವಿಟಮಿನ್ ‘ಎ’ ಕೊಡಲಾಗಿತ್ತು. ಅಲ್ಲಿ ಈ ಕ್ಯಾನ್ಸರ್ ಶೇ. 28ರಷ್ಟು, ಒಟ್ಟು ಸಾವು ಶೇ. 17ರಷ್ಟು ಹೆಚ್ಚಾದದ್ದು ಕಂಡು 1996ರ ಜನವರಿಯಲ್ಲಿ, ಗೊತ್ತುಮಾಡಿದ ಅವಧಿಗೆ 21 ತಿಂಗಳು ಮೊದಲೇ, ಗುಳಿಗೆ ನಿಲ್ಲಿಸಿದರು.

ನಿಪ್ಪಾಣಿ ತಂಬಾಕಿನ ಪೇಟೆ. ಬೀಡಿ ಕಟ್ಟುವ ಕೆಲಸ ಈ ಸೀಮೆಯ ಸಾವಿರಾರು ಹೆಣ್ಣುಮಕ್ಕಳ ಜೀವನಾಧಾರ. ಬೀಡಿ, ಸಿಗರೇಟು ಸೇದುವವರು ಮತ್ತು ಸೇದಿ ಬಿಟ್ಟವರು ಹೆಚ್ಚಿನ ಪ್ರಮಾಣದ ಬೀಟಾ–ಕ್ಯಾರೊಟಿನ್ ಇರುವ ಯಾವ ಪೂರಕವನ್ನೂ ತೆಗೆದುಕೊಳ್ಳಬಾರದು ಎಂಬುದು ಈ ಎರಡು ಪ್ರಯೋಗಗಳ ಸ್ಪಷ್ಟ ಪಾಠ. ಗಜ್ಜರಿ, ಸೊಪ್ಪು ತಿನ್ನುವುದರಿಂದ ಇಂಥ ಅಪಾಯ ಕಂಡುಬಂದಿಲ್ಲ.

ಆಹಾರದಿಂದ ಒಂದು ಘಟಕವನ್ನು ಬಿಡಿಸಿ ತೆಗೆದರೆ ಆಹಾರದ ಗುಣ ಏಕೆ ಬರುವುದಿಲ್ಲ ಎಂಬುದಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2000ದಲ್ಲಿ ಒಂದು ಸುಳಿವು ಕೊಟ್ಟರು. 100 ಗ್ರಾಂ ಸೇಬಿನಲ್ಲಿರುವ ವಿಟಮಿನ್ ‘ಸಿ’ 6 ಮಿಲಿಗ್ರಾಮಿಗಿಂತ ಕಡಿಮೆ. ಆದರೆ ಪ್ರಯೋಗಾಲಯದಲ್ಲಿ ಅಳೆದಾಗ ಆ ಸೇಬಿನ ಉತ್ಕರ್ಷಣ ನಿರೋಧಕ ಶಕ್ತಿ 1500 ಮಿಲಿಗ್ರಾಂ ವಿಟಮಿನ್ ‘ಸಿ’ಗೆ ಸಮನಾಗಿತ್ತು. ಆ ಶಕ್ತಿಯ ಬಹುಪಾಲು ಹಣ್ಣಿನ, ಅದರಲ್ಲೂ ಸಿಪ್ಪೆಯ, ಬೇರೆ ಅನೇಕ ರಾಸಾಯನಿಕಗಳು ಒಟ್ಟುಗೂಡಿ ಬಂದದ್ದು.

ಚಿಕ್ಕೋಡಿ, ರಾಯಬಾಗದ ಹೊಲಗಳ ಬೆಳೆಯಾದ ಅರಿಸಿನದ ವಿಷಯದಲ್ಲೂ ಎಚ್ಚರಿಕೆ ಬೇಕು. ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಸಿನ ಬೇರೆ. ಕಾಳುಮೆಣಸಿನ ಪೈಪರಿನ್ ಸೇರಿಸಿ ಹೀರಿಕೆ ಹೆಚ್ಚಿಸಿದ ಕುರ್ಕ್ಯುಮಿನ್ ಗುಳಿಗೆ ಬೇರೆ. ಅರಿಸಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಹತ್ತು ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದರು.

ರಕ್ತ ಪರೀಕ್ಷೆ ಹೇಳುವುದು, ಹೇಳದಿರುವುದು

ಪೂರಕ ನುಂಗಿದವರ ರಕ್ತದಲ್ಲಿ ಕ್ಯಾರೊಟಿನ್, ವಿಟಮಿನ್ ‘ಸಿ’, ಫೋಲೇಟ್ ಏರಿದ್ದನ್ನು ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಅದು ನಿಜವಾದರೂ ಅಷ್ಟರಿಂದ ಆರೋಗ್ಯ ಸುಧಾರಿಸಿತೆನ್ನಲು ಬರುವುದಿಲ್ಲ. ಫಿನ್ಲೆಂಡಿನ ಪ್ರಯೋಗದಲ್ಲೂ ರಕ್ತದ ಕ್ಯಾರೊಟಿನ್ ಏರಿತ್ತು. ಒಂದು ಪೂರಕ ಉಪಯುಕ್ತವೆನ್ನಲು ಹೃದಯಾಘಾತ, ಕ್ಯಾನ್ಸರ್, ಸಾವು ಕಡಿಮೆಯಾದದ್ದನ್ನು ದೊಡ್ಡ, ದೀರ್ಘಕಾಲದ ಪ್ರಯೋಗದಲ್ಲಿ ತೋರಿಸಬೇಕು. ಹಣ್ಣು–ತರಕಾರಿ ಪುಡಿಗಳ ಪರವಾಗಿ ಅಂಥ ಪುರಾವೆ ಇಲ್ಲ. ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಪುರಾವೆಗಳನ್ನೆಲ್ಲ ತೂಗಿ ನೋಡಿ, ಹೃದ್ರೋಗ ಮತ್ತು ಕ್ಯಾನ್ಸರ್ ತಡೆಗೆ ಬೀಟಾ–ಕ್ಯಾರೊಟಿನ್, ವಿಟಮಿನ್ ‘ಇ’ ಪೂರಕಗಳು ಬೇಡವೆಂದಿತು. ಬಹುವಿಟಮಿನ್ ಗುಳಿಗೆಗಳ ಪರವಾಗಿಯೋ ವಿರುದ್ಧವಾಗಿಯೋ ಹೇಳಲು ಪುರಾವೆ ಸಾಲದೆಂದಿತು.

ಲೇಬಲ್ ಮತ್ತು ಕಾನೂನು

ಭಾರತದಲ್ಲಿ ಪೂರಕಗಳು ಔಷಧವಲ್ಲ, ಆಹಾರ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಾಗೂ ಅದರಡಿ 2016ರಲ್ಲಿ ಬಂದ ನಿಯಮಗಳು ಇವಕ್ಕೆ ಅನ್ವಯಿಸುತ್ತವೆ. ಡಬ್ಬಿಯ ಮೇಲೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿಯ 14 ಅಂಕಿಗಳ ಸಂಖ್ಯೆ, ‘ಹೆಲ್ತ್ ಸಪ್ಲಿಮೆಂಟ್’ ಎಂಬ ಮಾತು, ಔಷಧವಾಗಿ ಬಳಸಲು ಅಲ್ಲವೆಂಬ ಸೂಚನೆ, ದಿನದ ಪ್ರಮಾಣ ಇರಬೇಕು. ವೈವಿಧ್ಯಮಯ ಆಹಾರಕ್ಕೆ ಇದು ಬದಲಿಯಲ್ಲ ಎಂಬ ಎಚ್ಚರಿಕೆಯನ್ನೂ ನಿಯಮ ಕೇಳುತ್ತದೆ. ಪರವಾನಗಿ ಸಂಖ್ಯೆಯಿದ್ದ ಮಾತ್ರಕ್ಕೆ ಪದಾರ್ಥ ಪರಿಣಾಮಕಾರಿ ಎಂದು ಸರ್ಕಾರ ಒಪ್ಪಿದೆಯೆಂದು ತಿಳಿಯಬಾರದು. ಸಕ್ಕರೆಕಾಯಿಲೆ, ಕ್ಯಾನ್ಸರ್ ವಾಸಿಮಾಡುತ್ತದೆಂದು ಹೇಳಿ ಪೂರಕ ಮಾರುವುದು ಕಾನೂನಿಗೆ ವಿರುದ್ಧ; ತಪ್ಪುದಾರಿಗೆಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಈ ಸಮಸ್ಯೆ ಭಾರತಕ್ಕಷ್ಟೇ ಸೀಮಿತವಲ್ಲ. ಹಣ್ಣು ತರಕಾರಿಗಳ ಕ್ಯಾಪ್ಸೂಲ್ ಮಾರುವ ಅಮೆರಿಕದ ‘ಬ್ಯಾಲೆನ್ಸ್ ಆಫ್ ನೇಚರ್’ ಕಂಪನಿ, ರೋಗ ಗುಣವಾಗುತ್ತದೆಂಬ ಆಧಾರವಿಲ್ಲದ ಹೇಳಿಕೆಗಳ ಆರೋಪದ ಮೇಲೆ 2023ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 11 ಲಕ್ಷ ಡಾಲರ್ ಕೊಟ್ಟು ಮೊಕದ್ದಮೆ ಬಗೆಹರಿಸಿಕೊಂಡಿತು.

ಯಾರಿಗೆ ಬೇಕು, ಯಾರಿಗೆ ಬೇಡ

ಗುರುತಿಸಿದ ಕೊರತೆಗೆ ಗೊತ್ತಾದ ಪ್ರಮಾಣದಲ್ಲಿ ಕೊಡುವ ಪೋಷಕಾಂಶ ನಿಜವಾಗಿ ಜೀವ ಉಳಿಸುತ್ತದೆ. ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲ ಕೊಟ್ಟರೆ ಮಗುವಿನ ನರನಾಳದ ದೋಷಗಳನ್ನು ಬಹಳಷ್ಟು ತಡೆಯಬಹುದೆಂದು ಬ್ರಿಟನ್ನಿನ ಪ್ರಯೋಗವೊಂದು 1991ರಲ್ಲಿ ಸಾಬೀತುಪಡಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇವರಲ್ಲಿ ಅನೇಕರಿಗೆ ಬೇಕಾದದ್ದು ಬೀಟ್‌ರೂಟ್ ಪುಡಿಯಲ್ಲ, ಕಬ್ಬಿಣ. ಬಸುರಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಗುಳಿಗೆಯನ್ನು 180 ದಿನ ಸರ್ಕಾರಿ ಆರೋಗ್ಯ ಕೇಂದ್ರಗಳು ಪುಕ್ಕಟೆ ಕೊಡುತ್ತವೆ.

ವಿಟಮಿನ್ ಬಿ12 ಯಾವ ಹಣ್ಣು ತರಕಾರಿಯಲ್ಲೂ ಗಣನೀಯವಾಗಿ ಇಲ್ಲ. ಮಾಂಸ, ಮೊಟ್ಟೆ ಮುಟ್ಟದ ಜೈನ, ಲಿಂಗಾಯತ ಮನೆಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಅದರ ಮೂಲ. ಅದು ಸಾಲದೆಂದು ರಕ್ತಪರೀಕ್ಷೆ ತೋರಿಸಿದರೆ ಬಿ12 ಗುಳಿಗೆ ಬೇಕು. ಸೊಪ್ಪಿನ ಪುಡಿ ಆ ಕೆಲಸ ಮಾಡದು.

ಕೆಲವರು ಪುಡಿಗಳಿಂದ ದೂರವಿರಬೇಕು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಪುಡಿಯ ವಿಟಮಿನ್ ‘ಕೆ’ ಔಷಧದ ಬಲ ಕುಗ್ಗಿಸುತ್ತದೆ. ಮೂತ್ರಪಿಂಡ ದುರ್ಬಲವಾದವರಿಗೆ ಪೊಟ್ಯಾಸಿಯಂ, ಕಲ್ಲಿನ ತೊಂದರೆ ಇದ್ದವರಿಗೆ ಪಾಲಕ್ ಪುಡಿಯ ಆಕ್ಸಲೇಟ್ ಕೆಡುಕು. ಇಂಥವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಬಾರದು.

ಅದೇ ಹಣ ಸಂತೆಯಲ್ಲಿ

ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತೆಪಲ್ಯೆ, ಹಕ್ಕರಕಿ, ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ಇಡುವುದು ಈ ಭಾಗದ ಊಟದ ಪದ್ಧತಿ. ಪೋಷಣೆಯ ದೃಷ್ಟಿಯಿಂದ ಇದು ಉತ್ತಮ ಜೋಡಣೆ. ಹಸಿಯಾಗಿ ತಿಂದಾಗ ವಿಟಮಿನ್ ‘ಸಿ’ ಬೇಯುವುದರಲ್ಲಿ ಕಳೆದುಹೋಗುವುದಿಲ್ಲ. ಕ್ಯಾರೊಟಿನ್ ಮೈಗೆ ಹತ್ತಲು ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು; ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೇಲೆ ಹಾಕಿಕೊಳ್ಳುವ ಎಣ್ಣೆ ಅದನ್ನು ಕೊಡುತ್ತವೆ. ಲಿಂಬೆಹುಳಿ ಹಿಂಡಿದರೆ ಸೊಪ್ಪು, ಕಾಳುಗಳ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಹಸಿ ತಿನ್ನುವ ಪಲ್ಯೆಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದೊಂದು ಕಡ್ಡಾಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದಂತೆ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ವಿಟಮಿನ್ ‘ಸಿ’ ಸಾಕು. ನೂರು ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಇದೆ. ಅರ್ಧ ಹಣ್ಣು ಒಂದು ದಿನಕ್ಕೆ ಸಾಲುತ್ತದೆ. ಹಿತ್ತಲಿನ ನುಗ್ಗೆ ಗಿಡ, ಬೇಲಿಯ ಪಕ್ಕದ ಪಪ್ಪಾಯಿ, ಕಬ್ಬಿನ ಹೊಲದ ಬದುವಿನಲ್ಲಿ ಹಾಕಿದ ಪುಂಡಿ, ರಾಜಗಿರಿ ಖರ್ಚಿಲ್ಲದೆ ಮನೆಯ ತಟ್ಟೆ ತುಂಬಿಸಬಲ್ಲವು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವ ಜೈನ ಮನೆಗಳಲ್ಲಿ ಹೀರೇಕಾಯಿ, ಸವತಿಕಾಯಿ, ಕುಂಬಳ, ಹಣ್ಣು ಮತ್ತು ಬೇಳೆಕಾಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತವೆ.

ಕೊಳ್ಳುವ ಮುನ್ನ

ಪೂರಕ ಕೊಳ್ಳಲೇಬೇಕೆನಿಸಿದರೆ ಐದು ವಿಷಯ ನೋಡಬೇಕು: ದಿನದ ಪ್ರಮಾಣದಲ್ಲಿ ಎಷ್ಟು ಗ್ರಾಂ ಪುಡಿಯಿದೆ, ಅದು ಎಷ್ಟು ತಾಜಾ ತರಕಾರಿಗೆ ಸಮ, ಬೆರೆಸಿದ ವಿಟಮಿನ್‌ಗಳು ಯಾವುವು ಮತ್ತು ಎಷ್ಟು, ಸೀಸ ಮತ್ತು ಕೀಟನಾಶಕಗಳಿಗಾಗಿ ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ ಆಗಿದೆಯೇ, ರೋಗ ವಾಸಿಯಾಗುತ್ತದೆಂಬ ಮಾತು ಎಲ್ಲಿಯಾದರೂ ಇದೆಯೇ. ಕೊನೆಯದಕ್ಕೆ ಉತ್ತರ ‘ಹೌದು’ ಎಂದಾದರೆ ಡಬ್ಬಿಯನ್ನು ಅಲ್ಲೇ ಬಿಡಬೇಕು. ಪುಡಿಯ ತೂಕ ಬರೆಯದೆ ‘ವಿಶೇಷ ಮಿಶ್ರಣ’ ಎಂದಷ್ಟೇ ಬರೆದಿದ್ದರೂ ಬಿಡುವುದೇ ಸರಿ.

ಊಟದಲ್ಲಿ ಕಾಯಿಪಲ್ಯೆ ಇರುವ ಆರೋಗ್ಯವಂತರಿಗೆ ಈ ಪೂರಕಗಳಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಕಾಯಿಪಲ್ಯೆ ಇಲ್ಲದ ಊಟದ ಕೊರತೆಯನ್ನು ಇವು ತುಂಬಲಾರವು. ನಿರ್ದಿಷ್ಟ ಕೊರತೆ ಇದ್ದವರಿಗೆ ಬೇಕಾದದ್ದು ಪರೀಕ್ಷೆ ಮತ್ತು ಆ ಕೊರತೆಗೇ ಮೀಸಲಾದ ಗುಳಿಗೆ. ಅಂಥ ಗುಳಿಗೆಗಳಲ್ಲಿ ಕೆಲವು ಪುಕ್ಕಟೆಯಾಗಿಯೇ ಸಿಗುತ್ತವೆ. ಉಳಿದ ಹಣಕ್ಕೆ ಸಂತೆಯೇ ತಕ್ಕ ಜಾಗ.